ಗೇಟಿಗೆ ಬಂದ ಕಲ್ಲುಬೆಂಚನ್ನು ಹಿತ್ತಲಿಗೆ ಸಾಗಿಸುವುದು ಹೇಗೆ?

ಪ್ರಶ್ನೆ: ಮನೆಯ ಹಿಂದಿನ ತೋಟಕ್ಕೆಂದು ಒಂದು ಗ್ರಾನೈಟ್ ಬೆಂಚು, ಎಂಟು ಜನ ಕೂರುವ ತೇಗದ ಮೇಜು ಮತ್ತು ಎರಕದ ಕಬ್ಬಿಣದ ಆರು ಕುರ್ಚಿಗಳನ್ನು ಕೊಂಡಿದ್ದೇವೆ. ಬೆಂಚಿನ ಹಾಸುಗಲ್ಲು ಐದು ಅಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಅಂಗುಲ ದಪ್ಪ ಇದೆ. ಅದಕ್ಕೆ ಎರಡು ಕಲ್ಲಿನ ಕಾಲುಗಳು. ‘ಡೆಲಿವರಿ ಉಚಿತ’ ಎಂದಿದ್ದವರು, ಹಣ ಕಟ್ಟಿದ ಮೇಲೆ ಫೋನ್ ಮಾಡಿದರೆ ‘ಗೇಟಿನವರೆಗೆ ತರುತ್ತೇವೆ, ಇಳಿಸಿಕೊಳ್ಳುವುದು ನಿಮ್ಮ ಹೊಣೆ’ ಎನ್ನುತ್ತಿದ್ದಾರೆ. ಗೇಟಿನಿಂದ ತೋಟಕ್ಕೆ ಮನೆಯ ಪಕ್ಕದ ಓಣಿಯಲ್ಲಿ ಸುಮಾರು 25 ಮೀಟರ್ ಹೋಗಬೇಕು. ಓಣಿ ಮೂರಡಿ ಅಗಲ, ನಡುವೆ ಇಳಿಯುವ ಮೂರು ಮೆಟ್ಟಿಲು, ಕೊನೆಗೆ ಹುಲ್ಲುಹಾಸು. ‘ನಾಲ್ವರು ಗಟ್ಟಿಮುಟ್ಟಾದ ಹುಡುಗರಿದ್ದರೆ ಸಾಕು, ಲಾರಿಗೆ ಎರಡು ಹಲಗೆ ಒರಗಿಸಿ ಜಾರಿಸಿಬಿಡೋಣ’ ಎಂದು ನನ್ನ ತಮ್ಮ ಹೇಳುತ್ತಾನೆ. ನಮ್ಮ ಯಜಮಾನರಿಗೆ ಸೊಂಟನೋವಿದೆ, ಆದರೂ ಕೈ ಹಾಕದೆ ಸುಮ್ಮನಿರುವವರಲ್ಲ. ಕ್ರೇನ್ ತರಿಸಬೇಕೇ? ಲಾರಿ ಬರಲು ಇನ್ನು ಹತ್ತು ದಿನವಿದೆ.

ಉತ್ತರ: ಹತ್ತು ದಿನವಿದೆ ಎಂದಿರಲ್ಲ, ಅದೇ ದೊಡ್ಡ ಅನುಕೂಲ. ಇಂಥ ಫೋನ್ ಕರೆಗಳಲ್ಲಿ ಹೆಚ್ಚಿನವು ನನಗೆ ಬರುವುದು ಲಾರಿ ಎಂಜಿನ್ ಕೂಡ ಆರಿಸದೆ ಗೇಟಿನ ಮುಂದೆ ನಿಂತಿರುವಾಗ. ಆಗ ಹೇಳುವುದಕ್ಕೆ ನನ್ನ ಬಳಿ ಹೆಚ್ಚೇನೂ ಇರುವುದಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ಮಾರಿದವರು ಮೋಸ ಮಾಡಿದರೇ, ತಮ್ಮನ ಉಪಾಯ ನಡೆಯುತ್ತದೆಯೇ, ಕ್ರೇನ್ ಬೇಕೇ. ಮೊದಲನೆಯದಕ್ಕೆ ಉತ್ತರ, ಬಹುಶಃ ಇಲ್ಲ. ಎರಡನೆಯದಕ್ಕೆ, ಖಂಡಿತ ಇಲ್ಲ. ಮೂರನೆಯದಕ್ಕೆ, ನೀವು ಅಂದುಕೊಂಡಿರುವ ಕೆಲಸಕ್ಕಂತೂ ಬೇಡ.

‘ಡೆಲಿವರಿ’ ಎಂಬ ಮಾತನ್ನು ಕೊಳ್ಳುವವರು ಒಂದು ರೀತಿ, ಸಾಗಿಸುವವರು ಇನ್ನೊಂದು ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ನಮಗೆ ಅದು ಬೆಂಚಿನ ಮೇಲೆ ಕೂರುವ ಕ್ಷಣ. ಸಾಗಣೆಯವರಿಗೆ ಅದು ಗಾಡಿ ನಿಂತ ಕ್ಷಣ. ದೇಶದಿಂದ ದೇಶಕ್ಕೆ ಸರಕು ಹೋಗುವಾಗ ಬಳಸುವ ಇನ್‌ಕೋಟರ್ಮ್ಸ್ ನಿಯಮಗಳಲ್ಲಿಯೂ ಇದೇ ಸ್ಥಿತಿ. 2020ರ ಆವೃತ್ತಿಯಲ್ಲಿ ಹನ್ನೊಂದು ನಿಯಮಗಳಿವೆ. ತಲುಪಬೇಕಾದ ಜಾಗದಲ್ಲಿ ಸರಕನ್ನು ಇಳಿಸಿಕೊಡುವ ಹೊಣೆಯನ್ನು ಮಾರುವವನ ಮೇಲೆ ಹೊರಿಸುವುದು ಅವುಗಳಲ್ಲಿ ಒಂದೇ ಒಂದು, ಡಿಪಿಯು. ಹಡಗುಗಟ್ಟಲೆ ಸರಕಿಗೇ ಹೀಗಿರುವಾಗ ಬೆಂಚಿನ ರಸೀದಿಯಲ್ಲಿ ‘ಇಳಿಸುವಿಕೆ’ ಎಂಬ ಪದ ತಾನಾಗಿ ಬಂದು ಕೂರುವುದಿಲ್ಲ, ಬರೆಸಬೇಕು. ಚಾಲಕ ಒಳ್ಳೆಯವನಾಗಿದ್ದರೆ ಕೈ ಹಚ್ಚಬಹುದು, ಆದರೆ ಅದು ಅವನ ಕೆಲಸವಲ್ಲ. ಅನೇಕ ಸಾಗಣೆ ಸಂಸ್ಥೆಗಳು ಹಾಗೆ ಕೈ ಹಚ್ಚುವುದನ್ನು ನಿಷೇಧಿಸಿಯೂ ಇರುತ್ತವೆ, ಏಕೆಂದರೆ ಅವನ ಕಾಲಿನ ಮೇಲೆ ಕಲ್ಲು ಬಿದ್ದರೆ ವಿಮೆಯ ತಕರಾರು ಹುಟ್ಟುತ್ತದೆ.

ಈಗ ಭಾರದ ಲೆಕ್ಕ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2,700 ಕೆಜಿ ತೂಗುತ್ತದೆ. ನಿಮ್ಮ ಹಾಸುಗಲ್ಲನ್ನು ಮೀಟರಿನಲ್ಲಿ ಹೇಳಿದರೆ 1.5 × 0.45 × 0.10, ಗುಣಿಸಿದರೆ ಸುಮಾರು 180 ಕೆಜಿ. ಕಾಲುಗಳ ಅಳತೆ ಕೊಟ್ಟಿಲ್ಲ. ಅಂಥ ಬೆಂಚುಗಳ ಒಂದೊಂದು ಕಾಲೂ 50ರಿಂದ 60 ಕೆಜಿ ಇರುವುದು ಸಾಮಾನ್ಯ. ಅಂದರೆ ಬೆಂಚು ಒಟ್ಟು 300 ಕೆಜಿ ಆಸುಪಾಸು. ತೇಗ ಘನ ಮೀಟರಿಗೆ 650 ಕೆಜಿಯ ಹತ್ತಿರ. ಎಂಟು ಜನರ ಮೇಜಿನ ಹಲಗೆಯೊಂದೇ 60 ಕೆಜಿ ಆಗಬಹುದು. ಕುರ್ಚಿಗಳ ವಿಷಯ ಬಿಡಿ, ಒಂದೊಂದಾಗಿ ಇಬ್ಬರು ಹಿಡಿದು ಒಯ್ದರೆ ಮುಗಿಯಿತು.

‘180 ಕೆಜಿಯನ್ನು ನಾಲ್ಕರಿಂದ ಭಾಗಿಸಿದರೆ ತಲಾ 45, ಅಷ್ಟೇನು ಹೆಚ್ಚಲ್ಲ’ ಎಂದು ನಿಮ್ಮ ತಮ್ಮ ಹೇಳಬಹುದು. ಎಲ್ಲರೂ ಎಡವುವುದು ಈ ಭಾಗಾಕಾರದಲ್ಲಿಯೇ. ಬ್ರಿಟನ್ನಿನ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ನೀಡುವ ಮಾರ್ಗಸೂಚಿಯಲ್ಲಿ ಗಂಡಸೊಬ್ಬ ಮೈಗೆ ತಾಗಿಸಿಕೊಂಡು ಸೊಂಟದ ಎತ್ತರದಲ್ಲಿ ಹಿಡಿಯುವ ಭಾರಕ್ಕೆ 25 ಕೆಜಿ, ಹೆಂಗಸಿಗೆ 16 ಕೆಜಿ ಎಂದಿದೆ. ನೆಲದಿಂದ ಎತ್ತುವಾಗ, ತೋಳು ಚಾಚಿ ಹಿಡಿಯುವಾಗ ಇದು ಇನ್ನೂ ಕೆಳಗಿಳಿಯುತ್ತದೆ. ಅದಕ್ಕಿಂತ ಹೆಚ್ಚು ಎತ್ತಲಾಗದು ಎಂದಲ್ಲ. ಅದನ್ನು ಮೀರಿದರೆ ನಿಂತು ಯೋಚಿಸಬೇಕು ಎಂದು. ಅದೇ ಮಾರ್ಗಸೂಚಿ ಇನ್ನೊಂದು ಮಾತು ಹೇಳುತ್ತದೆ: ಇಬ್ಬರು ಸೇರಿ ಎತ್ತಿದರೆ ಸಿಗುವುದು ಇಬ್ಬರ ಒಟ್ಟು ಬಲದ ಮೂರನೇ ಎರಡು ಭಾಗ, ಮೂವರಾದರೆ ಅರ್ಧ. ಜನ ಹೆಚ್ಚಿದಂತೆ ಹೆಜ್ಜೆ ಹೊಂದುವುದಿಲ್ಲ, ಒಬ್ಬನಿಗೆ ಹಿಡಿತ ಸರಿಯಾಗಿ ಸಿಕ್ಕಿರುವುದಿಲ್ಲ, ಇನ್ನೊಬ್ಬ ಒಂದು ಗಳಿಗೆ ಮುಂಚೆ ಎತ್ತಿರುತ್ತಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದನ್ನು ಹೊಲದಲ್ಲಿ ನಾನು ನೋಡಿಲ್ಲ, ಕಲ್ಲು ಹೊರುವಲ್ಲಿ ಬೇಕಾದಷ್ಟು ನೋಡಿದ್ದೇನೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಓಣಿ. ಕಲ್ಲು ಒಂದೂವರೆ ಅಡಿ ಅಗಲ, ಓಣಿ ಮೂರಡಿ. ಕಲ್ಲನ್ನು ಅಡ್ಡಲಾಗಿ ಹಿಡಿದು ಆಚೆ ಇಬ್ಬರು, ಈಚೆ ಇಬ್ಬರು ನಡೆಯಲು ಉಳಿಯುವುದು ಪಕ್ಕಕ್ಕೆ ಮುಕ್ಕಾಲು ಅಡಿ. ಅಲ್ಲಿ ಮನುಷ್ಯ ನಡೆಯಲಾರ. ಹಿಡಿದರೆ ತಲೆಗೊಬ್ಬ, ತುದಿಗೊಬ್ಬ. ಗೇಟಿನ ಹತ್ತಿರ ನಾಲ್ಕೇಕೆ, ಎಂಟು ಜನರಿದ್ದರೂ ಓಣಿಯೊಳಗೆ ಕಲ್ಲು ಹೊರುವವರು ಇಬ್ಬರೇ, ತಲಾ 90 ಕೆಜಿ! ಅದರಲ್ಲಿಯೂ ಮೆಟ್ಟಿಲು ಇಳಿಯುವಾಗ ಭಾರ ಕೆಳಗಿನವನ ಕಡೆಗೆ ವಾಲುತ್ತದೆ, ಪಾಪ, ಅವನು ಹಿಮ್ಮುಖವಾಗಿ ಕಾಲು ತಡಕಾಡುತ್ತಿರುತ್ತಾನೆ. ಜನರನ್ನು ಎಣಿಸುವ ಮೊದಲು ದಾರಿಯನ್ನು ಅಳೆಯಬೇಕು ಎಂದು ನಾನು ಹೇಳುವುದು ಇದಕ್ಕೇ.

ಹಲಗೆಯ ಮೇಲೆ ಜಾರಿಸುವ ಉಪಾಯ ನೋಡಲು ಸುಲಭ. ಲಾರಿಯ ತಳ ಸುಮಾರು ಒಂದು ಮೀಟರ್ ಎತ್ತರ, ಹಲಗೆ ಮೂರು ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ 180 ಕೆಜಿಯ ಕಲ್ಲು ಆ ಇಳಿಜಾರಿನಲ್ಲಿ 60 ಕೆಜಿಯಷ್ಟು ಬಲದಿಂದ ಕೆಳಗೆ ಎಳೆಯುತ್ತದೆ. ಆದರೆ ಮೊದಲಿಗೆ ಅದು ಅಲುಗುವುದೇ ಇಲ್ಲ. ನಿಂತ ವಸ್ತುವಿನ ಘರ್ಷಣೆ, ಚಲಿಸುವ ವಸ್ತುವಿನದಕ್ಕಿಂತ ಹೆಚ್ಚು. ಮರದ ಮೇಲೆ ಕಲ್ಲು ಕಚ್ಚಿಕೊಂಡು ಕೂರುತ್ತದೆ. ಮೇಲಿನಿಂದ ಯಾರೋ ಹಾರೆ ಹಾಕಿ ಮೀಟುತ್ತಾರೆ, ಕೆಳಗಿನವರು ಎಳೆಯುತ್ತಾರೆ. ಒಮ್ಮೆ ಕದಲಿದ್ದೇ ತಡ, ಹಿಡಿತಕ್ಕೆ ಸಿಗದೆ ಧಾವಿಸುತ್ತದೆ, ಮತ್ತು ಎಳೆಯುತ್ತಿದ್ದವರು ನಿಂತಿರುವುದು ಅದರ ದಾರಿಯಲ್ಲಿಯೇ. ಸಾಲದ್ದಕ್ಕೆ, ಭಾರ ಇಳಿದಂತೆ ಲಾರಿಯ ಸ್ಪ್ರಿಂಗುಗಳ ಮೇಲಿನ ಹೊರೆ ಕಳೆದು ಹಿಂಭಾಗ ಮೇಲೇಳುತ್ತದೆ, ಅಂಚಿಗೆ ಸುಮ್ಮನೆ ಒರಗಿಸಿದ ಹಲಗೆ ಕಳಚುತ್ತದೆ. ನಾನು ಕಂಡ ಕಾಲುಮುರಿತಗಳಲ್ಲಿ ಹೆಚ್ಚಿನವು ಹೀಗೆ ಆದವು. ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ, ಬೇಸರ ಮಾಡಿಕೊಳ್ಳಬಾರದು.

ಹಾಗಾದರೆ ಕ್ರೇನ್? ಲಾರಿಯ ಮೇಲೆಯೇ ಕೂರಿಸಿದ ಕ್ರೇನುಗಳು ಉಪಯುಕ್ತವೇ. ಆದರೆ ಅವುಗಳ ಶಕ್ತಿ ತೋಳು ಚಾಚಿದಂತೆಲ್ಲ ಕುಗ್ಗುತ್ತದೆ. ಮೂರು ಮೀಟರ್ ದೂರದಲ್ಲಿ ಎರಡು ಟನ್ ಎತ್ತುವ ಕ್ರೇನ್ ಹತ್ತು ಮೀಟರಿನಲ್ಲಿ 600 ಕೆಜಿಗಿಂತ ಕಡಿಮೆ ಎತ್ತುತ್ತದೆ, ತೋಳಿನ ತೂಕವನ್ನೂ ಅದೇ ಹೊರಬೇಕಲ್ಲ. ಮನೆಯ ಸೂರು ದಾಟಿಸಿ 25 ಮೀಟರ್ ಆಚೆ ಇಡಬೇಕೆಂದರೆ ಬಹಳ ದೊಡ್ಡ ಯಂತ್ರ ಬೇಕು. ಅದು ನಿಲ್ಲಲು ಜಾಗ, ಊರುಗಾಲುಗಳ ಕೆಳಗೆ ಗಟ್ಟಿ ನೆಲ, ಮೇಲೆ ವಿದ್ಯುತ್ ತಂತಿಯಿಲ್ಲದ ಆಕಾಶ, ಎಲ್ಲವೂ ಬೇಕು. 50 ಕಿಲೋವೋಲ್ಟ್‌ವರೆಗಿನ ತಂತಿಗಳಿಂದ ಕನಿಷ್ಠ ಮೂರು ಮೀಟರ್ ದೂರವಿರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ನನ್ನ ಅನುಭವದಲ್ಲಿ ತಂತಿ ಹತ್ತಿರವಿದ್ದರೆ ಅಳೆಯುವ ಗೋಜಿಗೆ ಹೋಗದೆ ಬೇರೆ ದಾರಿ ಹುಡುಕುವುದೇ ಲೇಸು. ಒಂದು ಬೆಂಚಿಗೆ ಇಷ್ಟು ಆಡಂಬರ ಬೇಡ.

ನಿಮಗೆ ಬೇಕಿರುವುದು ಲಾರಿಯ ತಳದಿಂದ ನೆಲಕ್ಕೆ ಆ ಒಂದು ಮೀಟರ್ ಇಳಿಸಿಕೊಡುವ ವ್ಯವಸ್ಥೆ. ಅದಕ್ಕೆ ಸರಿಯಾದದ್ದು ಟೇಲ್ ಲಿಫ್ಟ್ ಇರುವ ಗಾಡಿ, ಅಂದರೆ ಹಿಂಬದಿಯ ಬಾಗಿಲೇ ಹಲಗೆಯಂತೆ ಮಲಗಿ ಸರಕಿನ ಸಮೇತ ನೆಲಕ್ಕಿಳಿಯುವಂಥದ್ದು. ಸಣ್ಣ ಗಾಡಿಗಳಲ್ಲಿಯೂ ಅದು 500 ಕೆಜಿ ಹೊರುವುದು ಸಾಮಾನ್ಯ. ಇವತ್ತೇ ಮಾರಿದವರಿಗೆ ಫೋನ್ ಮಾಡಿ ‘ಟೇಲ್ ಲಿಫ್ಟ್ ಗಾಡಿಯಲ್ಲಿ ಕಳಿಸಿ, ಹೆಚ್ಚುವರಿ ಹಣ ಎಷ್ಟು’ ಎಂದು ಕೇಳಿ. ಜೊತೆಗೆ ಅತಿ ಭಾರದ ಒಂದೇ ತುಂಡಿನ ತೂಕ ಎಷ್ಟು, ಕಾಲುಗಳು ಬೇರೆಯಾಗಿ ಬರುತ್ತವೆಯೋ ಅಂಟಿಸಿ ಬರುತ್ತವೆಯೋ, ಮೇಜಿನ ಕಾಲು ಬಿಚ್ಚಿ ಕಳಿಸಲಾಗುತ್ತದೆಯೋ ಎಂಬುದನ್ನೂ ಬರಹದಲ್ಲಿ ತರಿಸಿಕೊಳ್ಳಿ. ಬೆಂಚಿನ ಕಾಲು ಅಂಟಿಸಿದ್ದರೆ ನಿಮ್ಮ ಓಣಿಯಲ್ಲಿ ಅದು ಬರಲಾರದು ಎಂದೇ ತಿಳಿಯಿರಿ. ಬಿಡಿಯಾಗಿ ಕಳಿಸಲು ಹೇಳಿ.

ಒಂದು ಎಚ್ಚರಿಕೆ. ಸರಕನ್ನು ಪ್ಯಾಲೆಟ್ ಎಂಬ ಮರದ ಚೌಕಟ್ಟಿನ ಮೇಲೆ ಬಿಗಿದು ಕಳಿಸುತ್ತೇವೆ, ಅದನ್ನೆತ್ತುವ ಪ್ಯಾಲೆಟ್ ಟ್ರಕ್ ಎಂಬ ಕೈಗಾಡಿ ಇರುತ್ತದೆ, ಎಳೆದುಕೊಂಡು ಹೋಗಬಹುದು ಎನ್ನುತ್ತಾರೆ. ಆ ಕೈಯಂತ್ರ ಎರಡು ಟನ್ ಎತ್ತುತ್ತದೆ, ನಿಜ. ಆದರೆ ಮುಂಗಾಲಿನ ಚಕ್ರಗಳು ಅಂಗೈಯಷ್ಟು ಚಿಕ್ಕವು. ಗೋದಾಮಿನ ನುಣುಪು ನೆಲದಲ್ಲಿ ಓಡುವ ಅದು ಜಲ್ಲಿಯಲ್ಲಿ ಒಂದಡಿಯೂ ಹೋಗದು, ಎರಡು ಹಾಸುಗಲ್ಲುಗಳ ನಡುವಿನ ಸಂದಿಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನಿಮಗೆ ಅದು ಗೇಟಿನಾಚೆ ಇಡುವವರೆಗೆ ಮಾತ್ರ.

ಅಲ್ಲಿಂದ ಮುಂದೆ ಗಾಳಿ ತುಂಬಿದ ಟೈರಿನ ಗಟ್ಟಿ ಟ್ರಾಲಿ. ಹಾಸುಗಲ್ಲನ್ನು ಮಲಗಿಸಬೇಡಿ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ಕೆಳಗೆ ರಬ್ಬರ್ ಅಥವಾ ಹಳೆಯ ಜಮಖಾನ ಹಾಸಿ, ಟ್ರಾಲಿಯ ನಿಲುಗಂಬಕ್ಕೆ ಬೆಲ್ಟಿನಿಂದ ಬಿಗಿಯಿರಿ. ಹೀಗೆ ನಿಲ್ಲಿಸಲು ಎರಡು ಕಾರಣ. ಓಣಿಯಲ್ಲಿ ಅದು ನಾಲ್ಕಂಗುಲ ಜಾಗವನ್ನಷ್ಟೇ ತಿನ್ನುತ್ತದೆ. ಇನ್ನೊಂದು, ಕಲ್ಲು ಒತ್ತಡವನ್ನು ತಡೆದಷ್ಟು ಬಾಗುವಿಕೆಯನ್ನು ತಡೆಯದು. ಮಲಗಿಸಿ ಎರಡು ತುದಿ ಹಿಡಿದು ಕುಲುಕಿದರೆ ನಡುವೆ ಸೀಳುತ್ತದೆ. ಗಾಜನ್ನು ನಿಲ್ಲಿಸಿ ಒಯ್ಯುವುದು ಏಕೆಂದು ಎಲ್ಲರಿಗೂ ಗೊತ್ತು, ಕಲ್ಲು ಮಾತ್ರ ಗಟ್ಟಿಯೆಂದು ನಂಬಿಬಿಡುತ್ತೇವೆ.

ಈ ಪಾಠ ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ಕಾಂಕ್ರೀಟಿನ ದುಂಡು ಮೇಜಿನ ಹಲಗೆ, ನಾಲ್ಕಡಿ ವ್ಯಾಸ, ಮೂರಂಗುಲ ದಪ್ಪ. ಆರು ಜನ ಸುತ್ತ ಹಿಡಿದು ತಟ್ಟೆಯಂತೆ ಎತ್ತಿಕೊಂಡು ಹೊರಟೆವು. ಹಸಿ ಹುಲ್ಲಿನಲ್ಲಿ ಒಬ್ಬನ ಹಿಮ್ಮಡಿ ಜಾರಿತು, ಅವನು ಕೈಬಿಡಲಿಲ್ಲ, ಮಂಡಿಯೂರಿದ ಅಷ್ಟೇ. ಒಣ ಕೊಂಬೆ ಮುರಿದಂಥ ಒಂದು ಸಣ್ಣ ಸದ್ದು. ನೆಲಕ್ಕಿಟ್ಟು ನೋಡಿದರೆ ನೆತ್ತಿಯಿಂದ ಅಂಚಿಗೆ ಕೂದಲೆಳೆಯ ಬಿರುಕು. ಮಾಲೀಕರು ಕಾಫಿ ಲೋಟ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು, ಏನೂ ಅನ್ನಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಮೆಟ್ಟಿಲಿಗೆ ಬರೋಣ. ಮೂರು ಮೆಟ್ಟಿಲು ಎಂದರೆ 45 ಸೆಂಟಿಮೀಟರ್ ಎಂದುಕೊಂಡರೆ, ಅದರ ಮೇಲೆ 2.7 ಮೀಟರ್ ಉದ್ದದ ದಪ್ಪ ಹಲಗೆಗಳ ಇಳಿಜಾರು ಮಾಡಿ. ಆರಕ್ಕೆ ಒಂದರ ಇಳಿತ. ನಡುವೆ ಹಲಗೆ ಬಾಗದಂತೆ ಮೆಟ್ಟಿಲಿನ ಮೇಲೆ ಗಟ್ಟಿ ಮರದ ತುಂಡುಗಳ ಆಸರೆ ಕೊಡಿ, ಮೇಲಿನ ತುದಿ ಸರಿಯದಂತೆ ಕಟ್ಟಿ. ಕಲ್ಲು, ಟ್ರಾಲಿ ಸೇರಿ 200 ಕೆಜಿ ಇದ್ದರೆ ಹಿಡಿದು ನಿಲ್ಲಿಸಲು ಬೇಕಾಗುವುದು ಸುಮಾರು 33 ಕೆಜಿಯ ಎಳೆತ. ಟ್ರಾಲಿಗೆ ಹಗ್ಗ ಕಟ್ಟಿ, ಮೇಲ್ಗಡೆ ಅಲುಗಾಡದ ಕಂಬಕ್ಕೆ ಒಂದು ಸುತ್ತು ಹಾಕಿ ನಿಧಾನವಾಗಿ ಬಿಟ್ಟರೆ ಇಬ್ಬರು ಆರಾಮವಾಗಿ ಇಳಿಸುತ್ತಾರೆ. ಇಳಿಜಾರಿನ ಕೆಳಗೆ ಒಂದು ನರಪಿಳ್ಳೆಯೂ ಇರಬಾರದು. ‘ಸ್ವಲ್ಪ ಆನಿಸಿಕೊಳ್ಳುತ್ತೇನೆ’ ಎಂದು ಕೆಳಗೆ ನಿಲ್ಲುವವರು ಯಾವಾಗಲೂ ಒಬ್ಬರಿರುತ್ತಾರೆ. ನಿಮ್ಮ ಮನೆಯಲ್ಲಿ ಅವರು ಯಾರೆಂದು ನಿಮ್ಮ ಪತ್ರದಿಂದಲೇ ಊಹಿಸಬಲ್ಲೆ. ಯಜಮಾನರಿಗೆ ಗೇಟಿನ ಬಳಿ ಕಾಗದಪತ್ರ ನೋಡುವ ಕೆಲಸ ಕೊಡಿ. ನಿಜವಾಗಿಯೂ ಅದು ಸಣ್ಣ ಕೆಲಸವಲ್ಲ, ಮುಂದೆ ಹೇಳುತ್ತೇನೆ.

ಹುಲ್ಲುಹಾಸಿನ ಮೇಲೆ 18 ಮಿಲಿಮೀಟರ್ ದಪ್ಪದ ಮೂರು ಪ್ಲೈವುಡ್ ಹಾಳೆ ಸಾಕು; ದಾಟಿದ ಹಾಳೆಯನ್ನು ಎತ್ತಿ ಮುಂದಕ್ಕೆ ಹಾಕುತ್ತ ಹೋಗುವುದು. ಹಿಂದಿನ ದಿನ ತೋಟಕ್ಕೆ ನೀರು ಬಿಡಬೇಡಿ. ಮಳೆ ಬಂದು ನೆಲ ಮೆತ್ತಗಾಗಿದ್ದರೆ ಕಲ್ಲನ್ನು ಓಣಿಯ ಗಟ್ಟಿ ನೆಲದಲ್ಲಿಯೇ ಎರಡು ದಿನ ಬಿಡಿ, ಅದಕ್ಕೇನೂ ಆಗದು. ದಾರಿಯಲ್ಲಿ ನೀರಿನ ತೊಟ್ಟಿಯ ಅಥವಾ ಚರಂಡಿಯ ಮುಚ್ಚಳಗಳು ಎಲ್ಲಿವೆ ಎಂದು ಈಗಲೇ ನೋಡಿ ಸುಣ್ಣದಲ್ಲಿ ಗುರುತು ಹಾಕಿ. ಅವು ಮನುಷ್ಯ ನಡೆಯಲೆಂದು ಮಾಡಿದ ಮುಚ್ಚಳಗಳು. ಎರಡು ಚಕ್ರದ ಮೇಲೆ 200 ಕೆಜಿ ಹೊತ್ತ ಟ್ರಾಲಿಗಲ್ಲ.

ಇದನ್ನು ಮಾಡುವವರು ಯಾರು? ಮೂರು ದಾರಿಗಳಿವೆ. ಮಾರಿದವರಿಗೇ ‘ತೋಟದಲ್ಲಿ ಕೂರಿಸಿಕೊಡುವುದು’ ಸೇರಿಸಿ ಹೆಚ್ಚು ಹಣ ಕೊಡುವುದು ಒಂದು. ಕೂರಿಸುವಾಗ ಒಡೆದರೆ ಯಾರ ತಪ್ಪು ಎಂಬ ಜಗಳವೇ ಇಲ್ಲ, ಹಾಗಾಗಿ ನನ್ನ ಮೊದಲ ಸಲಹೆ ಅದೇ. ಆದರೆ ಎಷ್ಟು ಜನ ಬರುತ್ತಾರೆ, ಏನು ಸಲಕರಣೆ ತರುತ್ತಾರೆ ಎಂದು ಕೇಳದಿದ್ದರೆ ಹಣ ತೆಗೆದುಕೊಂಡು ಅದೇ ಚಾಲಕನ ಜೊತೆ ಒಬ್ಬ ಸಹಾಯಕನನ್ನು ಕಳಿಸಿದ್ದನ್ನೂ ನೋಡಿದ್ದೇನೆ. ಗೇಟಿನಿಂದ ತೋಟದವರೆಗಿನ ದಾರಿಯನ್ನು ಮೊಬೈಲಿನಲ್ಲಿ ನಡೆಯುತ್ತ ಚಿತ್ರಿಸಿ ಕಳಿಸಿ. ‘ದಾರಿ ಹೀಗಿದೆ ಎಂದು ನಮಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಅದು ಅಡ್ಡಗೋಡೆ.

ಎರಡನೆಯದು, ಯಂತ್ರ, ತಿಜೋರಿ, ಕಲ್ಲು ಸಾಗಿಸಿ ಅಭ್ಯಾಸವಿರುವ ಕೆಲಸಗಾರರ ತಂಡ. ಮನೆ ಸಾಮಾನು ಸಾಗಿಸುವವರು ಬೇರೆ, ಇವರು ಬೇರೆ. ಪೆಟ್ಟಿಗೆ ಹೊರುವವರು ಬೆನ್ನಿನ ಮೇಲೆ ನಂಬಿಕೆಯಿಡುತ್ತಾರೆ. ಕಲ್ಲಿನವರು ಬಂದವರೇ ಮೊದಲು ನೆಲ ನೋಡುತ್ತಾರೆ, ಸನ್ನೆಗೋಲು, ಉರುಳುಗೊಳವೆ, ಮರದ ತುಂಡು ತೆಗೆದಿಡುತ್ತಾರೆ. ಅದೇ ಗುರುತು. ಈ ದಾರಿಯ ತೊಡಕೆಂದರೆ ಎರಡು ಕೈಗಳ ನಡುವೆ ಹೊಣೆ ಜಾರುವುದು. ಗೇಟಿನಲ್ಲಿ ಕಲ್ಲು ಹೇಗಿತ್ತು ಎಂಬುದಕ್ಕೆ ಫೋಟೊ ಇಲ್ಲದಿದ್ದರೆ, ಆಮೇಲೆ ಕಂಡ ಬಿರುಕಿಗೆ ಇಬ್ಬರೂ ಬೆರಳು ತೋರಿಸುವುದು ಇನ್ನೊಬ್ಬರ ಕಡೆಗೆ.

ಮೂರನೆಯದು ನೀವೇ ಮಾಡುವುದು. ಕುರ್ಚಿಗಳನ್ನು, ಕಾಲು ಬಿಚ್ಚಿದ ಮೇಜನ್ನು ಧಾರಾಳವಾಗಿ ನೀವೇ ಒಯ್ಯಿರಿ. ಮೇಜಿನ ಹಲಗೆಯನ್ನೂ ನಿಲ್ಲಿಸಿ ಟ್ರಾಲಿಯಲ್ಲಿಡಿ. ಕಲ್ಲಿನ ಕಾಲುಗಳೂ ಒಂದೊಂದಾಗಿ ಟ್ರಾಲಿಯಲ್ಲಿ ಹೋಗಬಹುದು. ಹಾಸುಗಲ್ಲನ್ನು ಮಾತ್ರ ಮೊದಲ ಬಾರಿಗೆ ಭಾರ ಮುಟ್ಟುವವರು ಮುಟ್ಟಬಾರದು. ಹಣ ಉಳಿಸಬೇಕೆಂದರೆ ಮಿಕ್ಕದ್ದರಲ್ಲಿ ಉಳಿಸಿ.

ಈಗ ಯಜಮಾನರ ಕೆಲಸ. ಗಾಡಿಯ ಬಾಗಿಲು ತೆರೆದ ಕೂಡಲೇ, ಯಾರೂ ಏನನ್ನೂ ಮುಟ್ಟುವ ಮುನ್ನ, ಸರಕು ಹೇಗೆ ನಿಂತಿದೆ ಎಂದು ಫೋಟೊ ತೆಗೆಯಲಿ. ಬೆಲ್ಟುಗಳನ್ನು ಚಾಲಕನೇ ಬಿಚ್ಚಲಿ, ಎದುರಿಗೆ ಯಾರೂ ನಿಲ್ಲದಂತೆ. ದಾರಿಯಲ್ಲಿ ವಾಲಿದ ಕಲ್ಲು ಬೆಲ್ಟಿನ ಮೇಲೆಯೇ ಒರಗಿರಬಹುದು. ಹೊರಗಿನ ಹೊದಿಕೆ ಸರಿಯಿದೆ ಎಂದರೆ ಒಳಗೂ ಸರಿಯಿದೆ ಎಂದಲ್ಲ, ಮೂಲೆ ಚಕ್ಕೆ ಎದ್ದಿರುವುದು ಹೊದಿಕೆ ಬಿಚ್ಚಿದಾಗಲೇ ಕಾಣುವುದು. ಬಿಚ್ಚಿ ನೋಡಲು ಚಾಲಕ ಕಾಯುವುದಿಲ್ಲ ಎಂದರೆ ‘ಹೊದಿಕೆ ತೆರೆದು ನೋಡಲು ಸಮಯ ಕೊಡಲಿಲ್ಲ’ ಎಂದು ರಸೀದಿಯಲ್ಲಿ ಬರೆದು ಸಹಿ ಮಾಡಿ, ಅವನು ಹೊರಟ ಕೂಡಲೇ ತೆರೆದು ನೋಡಿ. ಕಂಡ ಪೆಟ್ಟನ್ನು ‘ಹಾಳಾಗಿದೆ’ ಎಂದಷ್ಟೇ ಬರೆಯದೆ ‘ಹಾಸುಗಲ್ಲಿನ ಎಡತುದಿಯ ಮೂಲೆ ಎರಡು ಅಂಗುಲ ಒಡೆದಿದೆ’ ಎಂದು ಬರೆಯಬೇಕು. ಹೊದಿಕೆಯ ಪ್ಲಾಸ್ಟಿಕ್ಕನ್ನು ಬಿಸಿಲಲ್ಲಿ ಹಾಗೆಯೇ ಬಿಡಬೇಡಿ, ಒಳಗೆ ಬೆವೆತು ತೇಗಕ್ಕೆ ಬೂಷ್ಟು ಹಿಡಿಯುತ್ತದೆ. ಹಸಿಯಾದ ತೇಗವನ್ನು ಕಲ್ಲಿನ ಮೇಲೆ ಒರಗಿಸಿದರೆ ತಿಳಿ ಬಣ್ಣದ ಗ್ರಾನೈಟಿಗೆ ಕಂದು ಕಲೆಯಾಗುತ್ತದೆ, ಅದೂ ನೆನಪಿರಲಿ.

ಕೊನೆಗೆ ಕಾಲುಗಳ ಮೇಲೆ ಹಾಸುಗಲ್ಲು ಕೂರಿಸುವುದು. ಬೆರಳು ಹೋಗುವುದು ಇಲ್ಲಿಯೇ. ಅಷ್ಟು ದೂರ ಸಾಗಿಸಿ ಬಂದ ದಣಿವು, ಇನ್ನೇನು ಮುಗಿಯಿತು ಎಂಬ ಆತುರ. ಕಲ್ಲನ್ನು ಇಳಿಸುವ ಮೊದಲೇ ಎರಡೂ ಕಾಲುಗಳ ಮೇಲೆ ಅಂಗುಲ ದಪ್ಪದ ಮರದ ಪಟ್ಟಿಗಳನ್ನು ಅಡ್ಡವಾಗಿಟ್ಟಿರಬೇಕು. ಕಲ್ಲು ಮೊದಲು ಪಟ್ಟಿಯ ಮೇಲೆ ಕೂರುತ್ತದೆ, ಎಲ್ಲರೂ ಕೈ ಹೊರಗೆ ತೆಗೆದು ತೋರಿಸುತ್ತಾರೆ, ಆಮೇಲೆ ಸನ್ನೆಗೋಲಿನಿಂದ ಒಂದು ತುದಿಯನ್ನು ಚೂರೇ ಎತ್ತಿ ಪಟ್ಟಿ ಎಳೆಯುವುದು, ನಂತರ ಇನ್ನೊಂದು ತುದಿ. ಪಟ್ಟಿಯನ್ನು ಕೈಯಿಂದ ಎಳೆಯಬೇಡಿ, ಅದರ ತುದಿಗೆ ಮೊದಲೇ ಹುರಿ ಕಟ್ಟಿಟ್ಟಿರಿ. ನನ್ನ ಎಡಗೈ ಕಿರುಬೆರಳಿನ ಉಗುರು ಇಂದಿಗೂ ಸೊಟ್ಟಗೇ ಬೆಳೆಯುತ್ತದೆ, ಆ ಹುರಿ ಕಟ್ಟದೆ ಹೋದದ್ದಕ್ಕೆ. ‘ಎತ್ತಿ’, ‘ಇಳಿಸಿ’ ಎನ್ನುವವರು ಒಬ್ಬರೇ ಇರಲಿ. ‘ನಿಲ್ಲಿ’ ಎನ್ನುವ ಹಕ್ಕು ಮಾತ್ರ ಎಲ್ಲರಿಗೂ ಇರಲಿ, ಗೇಟಿನಲ್ಲಿ ಕೂತ ಯಜಮಾನರಿಗೂ.